ಎದ್ದು ನಿಲ್ಲುವ ಕ್ಷಣದಿಂದ ಸ್ವಯಂನಿಯಂತ್ರಿತ ನರವ್ಯೂಹದ ಪಾಠ

ಸ್ವಯಂನಿಯಂತ್ರಿತ ನರವ್ಯೂಹವನ್ನು ನಾವು ಸಾಮಾನ್ಯವಾಗಿ ಕಪ್ಪುಹಲಗೆಯ ಮೇಲೆ ಎರಡು ಕಾಲಂಗಳ ಕೋಷ್ಟಕ ಬರೆದು ಬೋಧಿಸುತ್ತೇವೆ. ಸಿಂಪಥೆಟಿಕ್ ಕಡೆ ಹೃದಯ ಬಡಿತ ಹೆಚ್ಚುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಪ್ಯಾರಾಸಿಂಪಥೆಟಿಕ್ ಕಡೆ ಎಲ್ಲವೂ ತಿರುಗುಮುರುಗು. ಕೋಷ್ಟಕ ಪರೀಕ್ಷೆಗೆ ಅನುಕೂಲವೇ. ಆದರೆ ಒಂದು ಕೆಲಸ ಮಾಡುವಾಗ ಇನ್ನೊಂದು ಸುಮ್ಮನಿರುತ್ತದೆ ಎಂಬ ತಪ್ಪು ಕಲ್ಪನೆಯೂ ಅದರಿಂದಲೇ ಹುಟ್ಟುತ್ತದೆ. ಇದನ್ನು ತಿದ್ದಲು ಅಟ್ಟಿಸಿಕೊಂಡು ಬರುವ ಹುಲಿಯ ಕಥೆ ಬೇಕಿಲ್ಲ. ಶಿಕ್ಷಕರು ಒಳಗೆ ಬಂದಾಗ ಮಕ್ಕಳು ಎದ್ದು ನಿಲ್ಲುತ್ತಾರಲ್ಲ, ಆ ಉದಾಹರಣೆಯೇ ಸಾಕು.

ಮೊದಲು ರಚನೆಯನ್ನು ನೋಡೋಣ. ಸಿಂಪಥೆಟಿಕ್ ನರತಂತುಗಳು ಬೆನ್ನುಹುರಿಯ ಎದೆಭಾಗದಿಂದ ಮತ್ತು ಸೊಂಟದ ಮೇಲ್ಭಾಗದಿಂದ ಹೊರಡುತ್ತವೆ. ಅವುಗಳ ನರಗಂಟುಗಳಲ್ಲಿ ಹೆಚ್ಚಿನವು ಬೆನ್ನುಮೂಳೆಯ ಎರಡೂ ಪಕ್ಕ ಮಣಿಸರದಂತೆ ಸಾಲಾಗಿವೆ. ಪ್ಯಾರಾಸಿಂಪಥೆಟಿಕ್ ತಂತುಗಳು 3, 7, 9 ಮತ್ತು 10ನೇ ಕಪಾಲ ನರಗಳ ಮೂಲಕವೂ ಬೆನ್ನುಹುರಿಯ ಕೆಳತುದಿಯ ಭಾಗದಿಂದಲೂ ಹೊರಡುತ್ತವೆ. ಇವುಗಳ ನರಗಂಟುಗಳು ಆಯಾ ಅಂಗದ ಹತ್ತಿರ ಅಥವಾ ಅಂಗದ ಗೋಡೆಯಲ್ಲೇ ಇರುತ್ತವೆ. ಹೃದಯ, ಶ್ವಾಸಕೋಶ ಮತ್ತು ಜಠರವನ್ನು ತಲುಪುವ 10ನೇ ನರವೇ ವೇಗಸ್.

ಹೃದಯಕ್ಕೆ ತನ್ನದೇ ಲಯವಿದೆ. ಯಾವ ನರದ ಪ್ರಭಾವವೂ ಇಲ್ಲದಿದ್ದರೆ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ ಅದು 70ರ ಆಸುಪಾಸಿನಲ್ಲಿರಲು ಕಾರಣ ವೇಗಸ್ ನರ ಸದಾ ಹಿಡಿದಿರುವ ಬ್ರೇಕ್. ಈ ಬ್ರೇಕ್ ರಾಸಾಯನಿಕವಾದದ್ದು ಎಂಬುದನ್ನು 1921ರಲ್ಲಿ ಆಟೊ ಲೋವಿ ತೋರಿಸಿದರು. ವೇಗಸ್ ನರವನ್ನು ಪ್ರಚೋದಿಸಿದ ಕಪ್ಪೆಯ ಹೃದಯದ ದ್ರವವನ್ನು ಇನ್ನೊಂದು ಹೃದಯಕ್ಕೆ ಸೇರಿಸಿದಾಗ ಅದರ ಬಡಿತವೂ ನಿಧಾನವಾಯಿತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿ ಮತ್ತು ಹೆನ್ರಿ ಡೇಲ್ ಅವರು ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಈಗ ಎದ್ದು ನಿಲ್ಲೋಣ. ವಯಸ್ಕರಲ್ಲಿ ಅರ್ಧ ಲೀಟರ್‌ನಷ್ಟು ರಕ್ತ ಕಾಲು ಮತ್ತು ಹೊಟ್ಟೆಯ ಕೆಳಭಾಗದ ಅಭಿಧಮನಿಗಳಿಗೆ ಇಳಿಯುತ್ತದೆ. ರಕ್ತದೊತ್ತಡ ತಗ್ಗುತ್ತಿರುವುದನ್ನು ಕತ್ತಿನ ಅಪಧಮನಿ ಮತ್ತು ಮಹಾಪಧಮನಿಯ ಗ್ರಾಹಕಗಳು ಗುರುತಿಸುತ್ತವೆ, ಸುದ್ದಿ ಮೆಡುಲ್ಲಾಕ್ಕೆ ಹೋಗುತ್ತದೆ. ಕೂಡಲೇ ವೇಗಸ್ ಬ್ರೇಕ್ ಸಡಿಲವಾಗಿ ಬಡಿತ ಏರುತ್ತದೆ. ಕೆಲವು ಸೆಕೆಂಡುಗಳಲ್ಲಿ ಸಿಂಪಥೆಟಿಕ್ ತಂತುಗಳು ನಾರ್‌ಅಡ್ರಿನಲಿನ್ ಸ್ರವಿಸಿ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ. ಹೆಚ್ಚಿನ ರಕ್ತನಾಳಗಳಿಗೆ ಪ್ಯಾರಾಸಿಂಪಥೆಟಿಕ್ ನರವೇ ಇಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಸಿಂಪಥೆಟಿಕ್ ಸಂಕೇತ ಹೆಚ್ಚಾದರೆ ಅವು ಬಿಗಿಯುತ್ತವೆ, ಕಡಿಮೆಯಾದರೆ ಸಡಿಲುತ್ತವೆ. ಕೋಷ್ಟಕದ ‘ತಿರುಗುಮುರುಗು’ ಸೂತ್ರ ಇಲ್ಲಿ ನಡೆಯುವುದಿಲ್ಲ.

ಚಟುವಟಿಕೆ: ಮಕ್ಕಳನ್ನು ಜೋಡಿಯಾಗಿ ಕೂರಿಸಿ. ಮೂರು ನಿಮಿಷ ಕುಳಿತ ಬಳಿಕ ಒಬ್ಬರು ಇನ್ನೊಬ್ಬರ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ 4ರಿಂದ ಗುಣಿಸಲಿ. ಎದ್ದು ನಿಂತ ಕೂಡಲೇ ಒಮ್ಮೆ, ಒಂದು ನಿಮಿಷದ ನಂತರ ಮತ್ತೊಮ್ಮೆ ಎಣಿಸಲಿ. ಬಳಿಕ ಕೇಳಿ: ಇಳಿಜಾರಿನಲ್ಲಿ ಸೈಕಲ್ ವೇಗ ಹೆಚ್ಚಲು ಪೆಡಲ್ ತುಳಿಯಲೇಬೇಕೇ, ಬ್ರೇಕ್ ಬಿಟ್ಟರೆ ಸಾಲದೇ? ನಾಡಿಯ ಮೊದಲ ಏರಿಕೆಯನ್ನು ಮಕ್ಕಳು ತಾವೇ ವಿವರಿಸುವಂತಾಗಲಿ.

ಈ ಪಾಠ ಶಿಕ್ಷಕರಿಗೂ ಬೇಕಾದದ್ದು. ಬೆಳಗಿನ ಪ್ರಾರ್ಥನೆಯಲ್ಲಿ ಬಿಸಿಲಿಗೆ ಕದಲದೆ ನಿಂತ ಮಗು ಕೆಲವೊಮ್ಮೆ ಕುಸಿದು ಬೀಳುತ್ತದೆ. ಕಾಲಿನ ಸ್ನಾಯುಗಳು ಅಲುಗದಿದ್ದರೆ ರಕ್ತ ಮೇಲಕ್ಕೆ ಹಿಂದಿರುಗುವುದು ಕಡಿಮೆ. ಆಗ ಕೆಲವರಲ್ಲಿ ನಾಳಗಳು ಹಠಾತ್ತನೆ ಸಡಿಲಗೊಂಡು, ವೇಗಸ್ ಬ್ರೇಕ್ ಬಿಗಿಯಾಗಿ, ಮೆದುಳಿಗೆ ರಕ್ತ ಸಾಲದಾಗುತ್ತದೆ. ಇದು ನಾಟಕವಲ್ಲ, ಗದರಿಸಬಾರದು. ಎತ್ತಿ ಕೂರಿಸಲೂ ಬಾರದು. ನೆರಳಿನಲ್ಲಿ ಮಲಗಿಸಿ ಕಾಲುಗಳನ್ನು ತುಸು ಎತ್ತಿ ಹಿಡಿಯಬೇಕು. ಪೂರ್ಣ ಎಚ್ಚರವಾಗುವವರೆಗೆ ನೀರು ಕುಡಿಸಬಾರದು. ಒಂದೆರಡು ನಿಮಿಷದಲ್ಲಿ ಚೇತರಿಸದಿದ್ದರೆ, ಅಥವಾ ಓಡುತ್ತಿರುವಾಗಲೇ ಬಿದ್ದಿದ್ದರೆ, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಮೌಲ್ಯಮಾಪನಕ್ಕೆ ಕೋಷ್ಟಕ ತುಂಬಿಸುವ ಬದಲು ಈ ಪ್ರಶ್ನೆ ಕೊಡಬಹುದು: ಪ್ರಾರ್ಥನೆಗೆ ನಿಂತಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿದರೆ ತಲೆಸುತ್ತು ತಪ್ಪುತ್ತದೆ, ಏಕೆ?