ಆಲ್ಟೊಗೆ ಕೋನ್ ಫಿಲ್ಟರ್: ಮೈಲೇಜ್ ಎಲ್ಲಿಂದ ಬರಬೇಕು?

ಸಣ್ಣ ಕಾರಿಗೆ ಕೋನ್ ಆಕಾರದ ಏರ್ ಫಿಲ್ಟರ್ ಹಾಕಿಸಿ, ಸೈಲೆನ್ಸರ್ ಬಿಚ್ಚಿಸಿ ದಪ್ಪ ಪೈಪ್ ವೆಲ್ಡ್ ಮಾಡಿಸಿದರೆ ಪಿಕಪ್ಪೂ ಏರುತ್ತದೆ, ಮೈಲೇಜೂ ಏರುತ್ತದೆ ಎಂಬ ಮಾತನ್ನು ಇನ್ನೂ ಎಷ್ಟು ವರ್ಷ ಕೇಳಬೇಕೋ ತಿಳಿಯದು. ಎಂಜಿನ್ ಸಲೀಸಾಗಿ ಉಸಿರಾಡಿದರೆ ಸಲೀಸಾಗಿ ಓಡುತ್ತದೆ ಎಂಬುದು ಹೀಗೆ ಹೇಳುವವರ ವಾದ. ಕೇಳಲು ಸರಿ ಎನಿಸುತ್ತದೆ. ಹಾಗಾಗಿಯೇ ಯಾರೂ ಮರುಪ್ರಶ್ನೆ ಕೇಳುವುದಿಲ್ಲ, ಸಾವಿರಗಟ್ಟಲೆ ಎಣಿಸಿ ಕೊಟ್ಟು ಬರುತ್ತಾರೆ.

ಮೊದಲು ಮೈಲೇಜ್. ಪೆಟ್ರೋಲ್ ಎಂಜಿನ್ನಿನ ಉಸಿರು ಕಟ್ಟಿಸುವುದು ಏರ್ ಫಿಲ್ಟರ್ ಅಲ್ಲ, ನಿಮ್ಮ ಬಲಗಾಲು. ಗಾಳಿ ಹೋಗುವ ದಾರಿಗೆ ಅಡ್ಡವಾಗಿ ಥ್ರಾಟಲ್‌ನ ಬಿಲ್ಲೆ ನಿಂತಿರುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೇ ತೆರೆಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ 60ರ ವೇಗದಲ್ಲಿ ಆರಾಮವಾಗಿ ಹೋಗುವಾಗ ಹೊರಗಿನ ಗಾಳಿಯ ಒತ್ತಡ 100 ಎಂದಿಟ್ಟುಕೊಳ್ಳಿ, ಬಿಲ್ಲೆಯ ಆಚೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಚೊಕ್ಕವಾಗಿರುವ ಕಾಗದದ ಫಿಲ್ಟರಿನಿಂದ ಆಗುವ ಇಳಿತ ಆಗ 1ಕ್ಕಿಂತ ಕಡಿಮೆ. ಅದನ್ನೂ ಉಳಿಸಿದಿರಿ ಅನ್ನೋಣ. ಅದೇ ವೇಗದಲ್ಲಿ ಹೋಗಲು ಕಾಲನ್ನು ಒಂದು ಕೂದಲೆಳೆಯಷ್ಟು ಹಿಂದೆ ಎಳೆದುಕೊಳ್ಳುತ್ತೀರಿ, ಬಿಲ್ಲೆ ಅಷ್ಟು ಮುಚ್ಚಿಕೊಳ್ಳುತ್ತದೆ. ಒಳಗೆ ಹೋಗುವ ಗಾಳಿ ಮೊದಲಿನಷ್ಟೇ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಎಕ್ಸಾಸ್ಟಿನಲ್ಲಿರುವ ಆಕ್ಸಿಜನ್ ಸೆನ್ಸರನ್ನು ನೋಡಿಕೊಂಡು 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲಿನ ಲೆಕ್ಕದಲ್ಲೇ ಸುರಿಯುವುದರಿಂದ ಪೆಟ್ರೋಲೂ ಅಷ್ಟೇ. ಹಾಗಾದರೆ ಉಳಿತಾಯ ಎಲ್ಲಿಂದ ಬರಬೇಕು?

ಈ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಕಾರ್ಬ್ಯುರೇಟರ್ ಇದ್ದ ಹಳೆಯ ಮಾರುತಿ 800ರಂಥ ಕಾರುಗಳಲ್ಲಿ ಫಿಲ್ಟರ್ ಧೂಳು ಕಟ್ಟಿದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಮೈಲೇಜ್ ಇಳಿಯುತ್ತಿತ್ತು. ಇಂಜೆಕ್ಷನ್ ಬಂದ ಮೇಲೆ ಆ ಕಥೆ ಮುಗಿಯಿತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫಿಲ್ಟರುಗಳನ್ನು ಬೇಕೆಂದೇ ಕಟ್ಟಿಸಿ ಓಡಿಸಿ ನೋಡಿತು. ಇಂಜೆಕ್ಷನ್ ಕಾರುಗಳಲ್ಲಿ ಪಿಕಪ್ ಇಳಿಯಿತು, ಮೈಲೇಜ್ ಲೆಕ್ಕಕ್ಕೆ ಬರುವಷ್ಟು ಬದಲಾಗಲಿಲ್ಲ. ಕಟ್ಟಿದ ಫಿಲ್ಟರೇ ಮೈಲೇಜನ್ನು ಕೆಡಿಸಲಾರದು ಎಂದ ಮೇಲೆ, ಚೆನ್ನಾಗಿರುವ ಫಿಲ್ಟರನ್ನು ತೆಗೆದು ಕೋನ್ ಹಾಕಿದರೆ ಅದು ಹೆಚ್ಚುವುದಾದರೂ ಹೇಗೆ?

ಇನ್ನು ಪಿಕಪ್. ಆಲ್ಟೊ 800ರ ಎಂಜಿನ್ 796 ಸಿಸಿ. 6000 ಆರ್‌ಪಿಎಂನಲ್ಲಿ ಕಿರುಚಿಸಿದರೂ ಅದು ನಿಮಿಷಕ್ಕೆ ಎಳೆದುಕೊಳ್ಳಬಲ್ಲ ಗಾಳಿ ಹೆಚ್ಚೆಂದರೆ 2400 ಲೀಟರ್. ಕಂಪನಿಯ ಫಿಲ್ಟರ್ ಇಷ್ಟನ್ನು ಕೊಡಲೆಂದೇ ಅಳೆದು ಮಾಡಿದ್ದು. ಕೋನ್ ಹಾಕುವ ಮೊದಲು ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿಯಿಂದ ಹೊರಟ ಪ್ಲಾಸ್ಟಿಕ್ ಕೊಳವೆಯ ಜಾಡು ಹಿಡಿದು ನೋಡಿ. ಅದರ ಬಾಯಿ ಇರುವುದು ಹೊರಗಿನ ತಂಪು ಗಾಳಿ ಸಿಗುವ ಕಡೆ. ಡಬ್ಬಿಯನ್ನು ಕಿತ್ತು ಬರೀ ಕೋನ್ ಸಿಕ್ಕಿಸಿದರೆ ಎಂಜಿನ್ ಕುಡಿಯುವುದು ರೇಡಿಯೇಟರ್ ಹಾಯ್ದು ಬಂದ ಬಿಸಿ ಗಾಳಿಯನ್ನು. ಗಾಳಿ 30 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಶೇ. 9ರಷ್ಟು ಇಳಿಯುತ್ತದೆ, ಫುಲ್ ಆಕ್ಸಿಲರೇಟರಿನಲ್ಲಿ ಶಕ್ತಿಯೂ ಇಳಿಯುತ್ತದೆ. ಪಿಕಪ್ಪಿಗೆಂದು ದುಡ್ಡು ಕೊಟ್ಟು ಪಿಕಪ್ ಕಳೆದುಕೊಳ್ಳುವುದು ಎಂದರೆ ಇದೇ. ಅಂದಹಾಗೆ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ. 10ರಷ್ಟು ಕಡಿಮೆ. ಶಿರಾಡಿ ಘಾಟಿ ಇಳಿದು ಕರಾವಳಿ ಸೇರಿದರೆ 48 ಅಶ್ವಶಕ್ತಿಯ ಈ ಎಂಜಿನ್ನಿಗೆ ತಾನಾಗಿ ಸಿಗುವಷ್ಟು ಬಲವನ್ನು ಯಾವ ಫಿಲ್ಟರೂ ಕೊಡಲಾರದು.

ದಪ್ಪ ಪೈಪಿನ ಪಾಡೂ ಇದೇ. ಸಿಲಿಂಡರಿನಿಂದ ಹೊಗೆ ಅಲೆಯಲೆಯಾಗಿ ಹೊರಬರುತ್ತದೆ. ಒಂದು ಅಲೆ ರಭಸದಿಂದ ಓಡಿದರೆ ಅದರ ಹಿಂದೆ ಒತ್ತಡ ತಗ್ಗಿ, ಸಿಲಿಂಡರಿನಲ್ಲಿ ಉಳಿದ ಹೊಗೆ ಆಚೆ ಬರಲು ಅನುಕೂಲವಾಗುತ್ತದೆ. ಪೈಪ್ ಅಗಲವಾದಷ್ಟೂ ಆ ರಭಸ ಕುಗ್ಗುತ್ತದೆ. ಪೇಟೆಯಲ್ಲಿ ನಾವು ಓಡಿಸುವುದು 1500ರಿಂದ 3000 ಆರ್‌ಪಿಎಂ ನಡುವೆ. ಅಲ್ಲೇ ಗಾಡಿ ಎಳೆಯಲು ಒದ್ದಾಡುತ್ತದೆ. ಇದನ್ನು ಅರೆಬರೆ ಕೇಳಿಸಿಕೊಂಡವರು ‘ಎಂಜಿನ್ನಿಗೆ ಬ್ಯಾಕ್ ಪ್ರೆಷರ್ ಬೇಕೇ ಬೇಕು’ ಎನ್ನುತ್ತಾರೆ, ಅದೂ ತಪ್ಪು. ಬೇಕಾದದ್ದು ಹೊಗೆಯ ವೇಗ, ತಡೆ ಅಲ್ಲ.

‘ಇಲ್ಲ ಸಾರ್, ಗಾಡಿ ನುಗ್ಗೋದು ಗೊತ್ತಾಗ್ತದೆ’ ಎನ್ನುವವರಿಗೆ ಗೊತ್ತಾಗುವುದು ಸದ್ದು.

ಪೈಪಿನ ಜೊತೆಗೆ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕಿತ್ತು ಹಾಕಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಆ ಜೇನುಗೂಡಿನಂಥ ಭಾಗ ಕಾರ್ಬನ್ ಮೊನಾಕ್ಸೈಡನ್ನು ಸುಡುತ್ತದೆ. ಅದು ಹೋದ ಮೇಲೆ ಗ್ಯಾರೇಜಿನ ವೆಲ್ಡಿಂಗ್ ಎಲ್ಲಾದರೂ ಬಿರುಕು ಬಿಟ್ಟರೆ ವಾಸನೆಯಿಲ್ಲದ ಆ ವಿಷ ಮಕ್ಕಳು ಕೂತ ಹಿಂದಿನ ಸೀಟಿಗೆ ಬರಬಹುದು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಉಳಿದ ಉಪಾಯಗಳೂ ಅಷ್ಟೇ. ಏರ್ ಫಿಲ್ಟರ್ ಡಬ್ಬಿಗೆ ತೂತು ಕೊರೆದರೆ ಬರುವುದು ಗೊರ ಗೊರ ಸದ್ದು ಮಾತ್ರ. ಗಾಳಿಯ ಕೊಳವೆಯೊಳಗೆ ಕೂರಿಸುವ ಪುಟ್ಟ ಫ್ಯಾನ್ ದಾರಿಗೆ ಇನ್ನೊಂದು ಅಡ್ಡಿ. ಕೋನನ್ನು ಬಂಪರಿನ ಹಿಂದೆ ಕೆಳಗೆ ಇಳಿಸಿದವರು ಮಳೆಗಾಲದಲ್ಲಿ ಅಂಡರ್‌ಪಾಸ್ ಹತ್ತಿರ ಹೋಗದಿರಲಿ, ಸಿಲಿಂಡರಿಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಇಷ್ಟರಲ್ಲೇ ನಿಂತಿದ್ದರೆ ಸಹಿಸಬಹುದಿತ್ತು. ಕೋನ್ ನಂಬಿದವರು ಮುಂದೆ ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟುತ್ತಾರೆ, ನೀರಿನಿಂದ ಹೈಡ್ರೋಜನ್ ತೆಗೆಯುವ ಕಿಟ್ ಕೊಳ್ಳುತ್ತಾರೆ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ನೀರು ಮತ್ತು ಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆ ಎಂದಾಗ ದೇಶವೇ ಬಾಯಿಬಿಟ್ಟು ನೋಡಿತು, ವಂಚನೆಯ ತೀರ್ಪು ಬರಲು 2016 ಆಗಬೇಕಾಯಿತು. ಅಷ್ಟರಲ್ಲಿ ಇನ್ನೆಷ್ಟೋ ಕಿಟ್‌ಗಳು ಮಾರಾಟವಾಗಿದ್ದವು. ಓದಿದವರೂ, ಎಂಜಿನಿಯರಿಂಗ್ ಮುಗಿಸಿದವರೂ ‘ನಮ್ಮ ಫ್ರೆಂಡ್ ಹಾಕಿಸಿದಾನೆ’ ಎಂಬ ಒಂದೇ ಸಾಕ್ಷಿಯ ಮೇಲೆ ಪರ್ಸ್ ತೆಗೆಯುವುದನ್ನು ನೋಡಿದರೆ ಬೇಸರವಾಗುತ್ತದೆ.

ಅಳೆಯುವುದೇನೂ ಕಷ್ಟವಲ್ಲ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 40ರಿಂದ 70ಕ್ಕೆ ಏರಲು ಎಷ್ಟು ಸೆಕೆಂಡ್ ಬೇಕೆಂದು ಪಕ್ಕದಲ್ಲಿ ಕೂತವರ ಮೊಬೈಲಿನಲ್ಲಿ ನೋಡಿ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಮೈಲೇಜಿಗೆ ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿ. ಪೈಪ್ ಬದಲಿಸುವ ಮುಂಚೆ ಒಂದು ಸಲ, ಬದಲಿಸಿದ ಮೇಲೆ ಒಂದು ಸಲ. ಮೈಲೇಜ್ ಏರಿತು ಎಂದು ಮುಂದೆ ಯಾರೇ ಹೇಳಲಿ, ಆ ಎರಡು ಅಂಕಿಗಳನ್ನು ಕೇಳಿ.