ಅಪರಿಚಿತರ ದಿಬ್ಬಣ

ಮದುವೆಯ ದಿಬ್ಬಣ ಹೊತ್ತ ಬಸ್ಸನ್ನು ಗುರುತಿಸುವುದು ಕಷ್ಟವಲ್ಲ. ಮುಂದುಗಡೆ ಬಾಳೆಕಂದು, ಕಿಟಕಿಯ ತುಂಬ ಜರತಾರಿ ಸೀರೆಗಳು, ಹಿಂಬದಿಯ ಸೀಟಿನಲ್ಲಿ ಇಸ್ಪೀಟಿನ ಗದ್ದಲ, ದಾರಿಯ ತೋಪೊಂದರಲ್ಲಿ ಉಪ್ಪಿಟ್ಟಿನ ಸಮಾರಾಧನೆ. ಆದರೆ ನಮ್ಮ ಮೋಟಾರು ವಾಹನ ಕಾಯಿದೆ ದಿಬ್ಬಣವನ್ನು ಕಾಣುವ ಸ್ಥಳ ಬೇರೆಯೇ ಉಂಟು. ರಾತ್ರಿ ಒಂಬತ್ತರ ಮೇಲೆ ಬೆಂಗಳೂರಿನ ಆನಂದರಾವ್ ವೃತ್ತದಲ್ಲೋ ಕಲಾಸಿಪಾಳ್ಯದಲ್ಲೋ ಮಡಿವಾಳದಲ್ಲೋ ಐದು ನಿಮಿಷ ನಿಂತರೆ ಅದು ನಮ್ಮ ಕಣ್ಣಿಗೂ ಬೀಳುತ್ತದೆ. ಪರೀಕ್ಷೆ ಮುಗಿಸಿದ ವಿದ್ಯಾರ್ಥಿ, ಪಾಳಿ ಇಳಿದು ಬಂದ ದಾದಿ, ಮಗಳ ಬಾಣಂತನಕ್ಕೆಂದು ಹೊರಟ ತಾಯಿ, ಮಾದರಿಯ ಪೆಟ್ಟಿಗೆ ಹಿಡಿದ ಔಷಧ ಕಂಪನಿಯ ಪ್ರತಿನಿಧಿ: ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು. ಹತ್ತಿದ ಕೂಡಲೆ ತಮ್ಮ ತಮ್ಮ ಬರ್ತಿನ ಪರದೆ ಎಳೆದುಕೊಂಡು ಮಲಗಿಬಿಡುತ್ತಾರೆ. ಕಾಯಿದೆಯ ದೃಷ್ಟಿಯಲ್ಲಿ ಇವರೆಲ್ಲರೂ ಒಂದೇ ಬಳಗ. ಒಂದು ಒಪ್ಪಂದದ ಮೇಲೆ ಇಡೀ ಬಸ್ಸನ್ನು ಬಾಡಿಗೆಗೆ ಹಿಡಿದು ಒಟ್ಟಾಗಿ ಪ್ರವಾಸ ಹೊರಟವರು!

ಮಲೆನಾಡಿನ ನನ್ನ ಊರಿಗೂ ಬೆಂಗಳೂರಿಗೂ ನಡುವೆ ಹಲವು ವರ್ಷಗಳಿಂದ ಇಂಥ ಬಸ್ಸುಗಳಲ್ಲಿಯೇ ಓಡಾಡುತ್ತ ಬಂದಿದ್ದೇನೆ. ನಾನೂ ಒಂದು ದಿಬ್ಬಣದ ಸದಸ್ಯನೆಂಬುದು ಕಾಯಿದೆಯ ಪುಸ್ತಕವನ್ನು ತೆರೆದು ಕುಳಿತ ಮೇಲೆಯೇ ನನಗೆ ಹೊಳೆದದ್ದು. ೧೯೮೮ರ ಮೋಟಾರು ವಾಹನ ಕಾಯಿದೆ ಬಾಡಿಗೆಯ ಬಸ್ಸುಗಳಲ್ಲಿ ಎರಡು ಜಾತಿಗಳನ್ನು ಮಾಡುತ್ತದೆ. ಒಬ್ಬೊಬ್ಬ ಪ್ರಯಾಣಿಕನಿಂದಲೂ ಬೇರೆ ಬೇರೆಯಾಗಿ ಹಣ ಪಡೆದು, ದಾರಿಯುದ್ದಕ್ಕೂ ಹತ್ತಿಸಿ ಇಳಿಸುತ್ತ ಹೋಗುವುದು ಮಜಲು ವಾಹನ. ಬಸ್ಸನ್ನು ಇಡಿಯಾಗಿ ಒಂದು ಗುಂಪಿಗೆ ಒಪ್ಪಿಸಿ, ಒಪ್ಪಂದಕ್ಕೆ ಸೇರದ ಯಾರನ್ನೂ ನಡುವೆ ಹತ್ತಿಸದೆ ಇಳಿಸದೆ ಸಾಗುವುದು ಒಪ್ಪಂದ ವಾಹನ. ಪ್ರವಾಸಿ ಬಸ್ಸು ಈ ಎರಡನೆಯದರ ತಮ್ಮ. ನಮ್ಮ ರಾತ್ರಿಯ ಸ್ಲೀಪರ್ ಬಸ್ಸುಗಳಲ್ಲಿ ಹೆಚ್ಚಿನವು ಹೊತ್ತಿರುವುದು ಈ ತಮ್ಮನ ರಹದಾರಿಯನ್ನು, ಮಾಡುವುದು ಅಣ್ಣನೂ ಅಲ್ಲದ ಆ ಮೊದಲ ಜಾತಿಯ ಕೆಲಸವನ್ನು. ಮೂವತ್ತಾರು ಬರ್ತು, ಮೂವತ್ತಾರು ಟಿಕೀಟು, ನಗರ ದಾಟುವುದರೊಳಗೆ ಹತ್ತು ಕಡೆ ನಿಲುಗಡೆ. ಇದನ್ನು ಅರಿಯದವರು ಯಾರೂ ಇಲ್ಲ. ಸಾರಿಗೆ ಇಲಾಖೆ ಬಲ್ಲದು, ಪೋಲೀಸರು ಬಲ್ಲರು, ಪರದೆಯ ಹಿಂದೆ ಮಲಗಿದ ನಾವು ಮಾತ್ರ ನಮ್ಮನ್ನು ಪ್ರಯಾಣಿಕರೆಂದು ಭಾವಿಸಿಕೊಂಡಿರುತ್ತೇವೆ.

ಈ ಕಟ್ಟುಕಥೆ ಏಕೆ ಬೇಕಾಯಿತೆಂಬುದಕ್ಕೆ ಕೊಂಚ ಹಿಂದೆ ಹೋಗಬೇಕು. ಮೈಸೂರು ಸರಕಾರ ತನ್ನದೇ ಆದ ಸಾರಿಗೆ ಇಲಾಖೆಯನ್ನು ತೆರೆದು ೧೨೦ ಬಸ್ಸುಗಳೊಂದಿಗೆ ರಸ್ತೆಗಿಳಿದದ್ದು ೧೯೪೮ರ ಸೆಪ್ಟೆಂಬರಿನಲ್ಲಿ. ೧೯೬೧ರ ಆಗಸ್ಟಿನಲ್ಲಿ ಅದು ನಿಗಮವಾಯಿತು. ಒಂದೊಂದಾಗಿ ಮುಖ್ಯ ಮಾರ್ಗಗಳು ನಿಗಮದ ಪಾಲಾಗುತ್ತ ಬಂದಂತೆ ಖಾಸಗಿಯವರಿಗೆ ಮಜಲು ವಾಹನದ ರಹದಾರಿ ದೊರೆಯುವ ಬಾಗಿಲು ಮುಚ್ಚುತ್ತ ಬಂದಿತು. ಕರಾವಳಿಯಂಥ ಕೆಲವು ಕಡೆ ಮಾತ್ರ ಅವರ ಹಗಲಿನ ಬಸ್ಸುಗಳು ಉಳಿದವು, ಇಂದಿಗೂ ಓಡುತ್ತವೆ. ಉಳಿದೆಡೆ ಬಾಗಿಲು ಮುಚ್ಚಿದ ಮನೆಗೆ ಕಿಟಕಿಯಿಂದ ಪ್ರವೇಶ ಮಾಡಬೇಕಾಯಿತು. ಆ ಕಿಟಕಿಯೇ ಒಪ್ಪಂದ ವಾಹನ. ಅವು ಸಾರ್ವಜನಿಕ ಹಿತಕ್ಕೆ ಬಾಧಕವಾಗಿ ಓಡುತ್ತಿವೆಯೆಂದು ಹೇಳಿ ೧೯೭೬ರಲ್ಲಿ ರಾಜ್ಯ ಸರಕಾರ ಒಂದು ಕಾಯಿದೆ ಮಾಡಿ, ಖಾಸಗಿಯವರ ಒಪ್ಪಂದ ವಾಹನಗಳನ್ನೇ ಸ್ವಾಧೀನಪಡಿಸಿಕೊಂಡಿತು.

ಇಲ್ಲಿ ಒಂದು ಸ್ವಾರಸ್ಯವುಂಟು. ಆ ಕಾಯಿದೆಯನ್ನು ಪ್ರಶ್ನಿಸಿದ ಮಾಲೀಕರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, ೧೯೭೭ರಲ್ಲಿ ಕಾಯಿದೆಯೇ ಗೆದ್ದಿತು. ಆಗ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಪ್ರತ್ಯೇಕವಾಗಿ ಬರೆದ ತೀರ್ಪಿನಲ್ಲಿ, ಸಂವಿಧಾನ ಹೇಳುವ ‘ಸಮುದಾಯದ ಭೌತಿಕ ಸಂಪನ್ಮೂಲ’ದೊಳಗೆ ಖಾಸಗಿ ಆಸ್ತಿಯೂ ಸೇರುತ್ತದೆಂದು ವಾದಿಸಿದರು. ಆ ಮಾತು ನಾಲ್ಕು ದಶಕಗಳಿಗೂ ಮೀರಿ ವಿದ್ವಾಂಸರಲ್ಲಿ ಚರ್ಚೆಯಾಯಿತು. ೨೦೨೪ರ ನವೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ, ಎಲ್ಲ ಖಾಸಗಿ ಆಸ್ತಿಯೂ ಹಾಗಾಗದು ಎಂದು ಹೇಳುವವರೆಗೂ ಅದಕ್ಕೆ ತೂಕವಿತ್ತು. ಭಾರತದಲ್ಲಿ ಆಸ್ತಿಯೆಂದರೇನು ಎಂಬ ಮಹಾಪ್ರಶ್ನೆಯ ಬೇರು ನಮ್ಮ ಬಾಡಿಗೆ ಬಸ್ಸುಗಳ ಚಕ್ರದಡಿ ಇದ್ದಿತೆಂಬುದನ್ನು ಕಾನೂನಿನ ವಿದ್ಯಾರ್ಥಿಗಳ ಹೊರತು ಹೆಚ್ಚು ಜನ ಬಲ್ಲವರಲ್ಲ. ಅಷ್ಟರಲ್ಲಿ ಕರ್ನಾಟಕವೇ ೨೦೦೩ರಲ್ಲಿ ಆ ಸ್ವಾಧೀನ ಕಾಯಿದೆಯನ್ನು ರದ್ದುಮಾಡಿತ್ತು. ಆ ರದ್ದತಿ ಸರಿಯೇ ತಪ್ಪೇ ಎಂಬ ವ್ಯಾಜ್ಯ ೨೦೨೫ರವರೆಗೆ ನಡೆದು, ಸರಿಯೆಂದೇ ತೀರ್ಮಾನವಾಯಿತು. ನಡುವೆ ೧೯೮೮ರ ಕೇಂದ್ರ ಕಾಯಿದೆ ಪ್ರವಾಸೋದ್ಯಮದ ಪ್ರೋತ್ಸಾಹಕ್ಕೆಂದು ದೇಶದಾದ್ಯಂತ ಸಲ್ಲುವ ಪ್ರವಾಸಿ ರಹದಾರಿಗೆ ಎಡೆಮಾಡಿಕೊಟ್ಟಿತ್ತು. ಹುಬ್ಬಳ್ಳಿಗೆ ಹೋಗಿ ಮರುರಾತ್ರಿ ಹಿಂದಿರುಗುವವನೂ ಹೀಗೆ ಪ್ರವಾಸಿಯಾದನು.

ಇನ್ನು ವ್ಯಾಪಾರದ ಮಾತು. ರಾತ್ರಿಯ ಬಸ್ಸಿನ ಅರ್ಥಶಾಸ್ತ್ರವನ್ನು ತಿಳಿಯಲು ಸಂಜೆಯ ಮಾರುಕಟ್ಟೆಯಲ್ಲಿ ಹೂವು ಮಾರುವಾಕೆಯನ್ನು ನೋಡಿದರೆ ಸಾಕು. ಬೆಳಗ್ಗೆ ಮೊಳಕ್ಕೆ ಒಂದು ಬೆಲೆ; ದೀಪ ಹಚ್ಚುವ ಹೊತ್ತಿಗೆ ‘ತೊಗೊಳ್ಳಿ ಅಕ್ಕಾ, ಎಷ್ಟಾದರೂ ಕೊಡಿ.’ ಬಾಡುವ ಹೂವನ್ನು ನಾಳೆಗಿಡಲಾಗದು. ಖಾಲಿ ಬರ್ತನ್ನೂ ಅಷ್ಟೆ. ಡೀಸೆಲು, ಟೋಲು, ಇಬ್ಬರು ಚಾಲಕರ ಸಂಬಳ ಬಾಟಾ, ಬಸ್ಸಿನ ಸಾಲದ ಕಂತು, ತೆರಿಗೆ, ವಿಮೆ: ಒಳಗೆ ಹತ್ತು ಜನ ಮಲಗಿರಲಿ ಮೂವತ್ತಾರು ಜನ ಮಲಗಿರಲಿ, ಖರ್ಚು ಹೆಚ್ಚುಕಡಮೆ ಒಂದೇ. ಆದುದರಿಂದ ಹೊರಡುವ ಗಳಿಗೆಯಲ್ಲಿ ಉಳಿದ ಕೊನೆಯ ಬರ್ತಿಗೆ ಎಷ್ಟು ಬಂದರೂ ಅದು ಲಾಭವೇ. ಮಂಗಳವಾರದ ರಾತ್ರಿ ಊಟದ ದುಡ್ಡಿಗಿಂತ ತುಸು ಹೆಚ್ಚು ತೆತ್ತು ಶಿವಮೊಗ್ಗ ಸೇರಿಕೊಳ್ಳುವ ಸೌಭಾಗ್ಯ ನನಗೆ ಒದಗಿರುವುದು ಈ ಕಾರಣದಿಂದಲೇ. ಅದೇ ಬರ್ತಿಗೆ ದೀಪಾವಳಿಯ ಹಿಂದಿನ ರಾತ್ರಿ ಮೂರು ನಾಲ್ಕು ಪಾಲು ತೆರಬೇಕಾಗುವುದೂ ಈ ಕಾರಣದಿಂದಲೇ. ನಾವು ಮಂಗಳವಾರದ ಅಗ್ಗವನ್ನು ಜಾಣತನವೆಂದೂ ಹಬ್ಬದ ದುಬಾರಿಯನ್ನು ಸುಲಿಗೆಯೆಂದೂ ಕರೆಯುತ್ತೇವೆ. ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಇವೆರಡೂ ಒಂದೇ ಪುಟದ ಎರಡು ಸಾಲುಗಳು.

ಹಿಂದೆ ಈ ಬೆಲೆಯ ಏರಿಳಿತ ಬುಕ್ಕಿಂಗ್ ಏಜೆಂಟನ ನಾಲಗೆಯ ಮೇಲಿತ್ತು. ೨೦೦೫ರ ದೀಪಾವಳಿಯಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಲು ಟಿಕೀಟು ಸಿಕ್ಕದೆ ಉಳಿದ ಫಣೀಂದ್ರ ಸಾಮ ಎಂಬ ತರುಣ ಎಂಜಿನಿಯರರು ಇಬ್ಬರು ಗೆಳೆಯರೊಡನೆ ಸೇರಿ ೨೦೦೬ರಲ್ಲಿ ರೆಡ್‌ಬಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಯಾವ ಬಸ್ಸಿನಲ್ಲಿ ಯಾವ ಸೀಟು ಖಾಲಿಯೆಂಬುದು ಅಂದಿನಿಂದ ಮನೆಯಲ್ಲಿ ಕುಳಿತವರಿಗೂ ಕಾಣುವಂತಾಯಿತು. ಇದು ಸಣ್ಣ ಉಪಕಾರವಲ್ಲ. ಏಜೆಂಟನ ಮರ್ಜಿ ಕಾಯುವುದು ತಪ್ಪಿತು. ಒಂಟಿಯಾಗಿ ಹೊರಟ ಹೆಣ್ಣುಮಗಳಿಗೆ ಪಕ್ಕದ ಸೀಟು ಹೆಂಗಸರದೇ ಎಂಬ ಭರವಸೆ ದೊರಕಿತು. ಆದರೆ ಕನ್ನಡಿ ಎರಡೂ ಕಡೆ ಕಾಣುತ್ತದೆ. ನಾವೆಷ್ಟು ಜನ ಹುಡುಕುತ್ತಿದ್ದೇವೆಂಬುದು ಮಾಲೀಕನಿಗೂ ಕಂಡು, ಬೆಲೆ ಗಂಟೆಗಂಟೆಗೂ ಅಲುಗಾಡತೊಡಗಿತು.

ಟಿಕೀಟಿನಿಂದ ಬರುವುದಷ್ಟೇ ಆದಾಯವಲ್ಲ. ಬಸ್ಸಿನ ಹೊಟ್ಟೆಯಲ್ಲಿಯೂ ನೆತ್ತಿಯ ಮೇಲೆಯೂ ಇನ್ನೊಂದು ಬಗೆಯ ಪ್ರಯಾಣಿಕರು ಇರುತ್ತಾರೆ: ಹೂವಿನ ಬುಟ್ಟಿ, ಮೋಟಾರಿನ ಬಿಡಿಭಾಗ, ಬಟ್ಟೆಯ ಗಂಟು, ಔಷಧದ ಪೆಟ್ಟಿಗೆ. ಸಂಜೆ ಒಪ್ಪಿಸಿದ್ದು ಬೆಳಗ್ಗೆ ಅಂಗಡಿ ತೆರೆಯುವ ಮುನ್ನ ತಲಪುವುದರಿಂದ ಸಣ್ಣ ಊರಿನ ವ್ಯಾಪಾರಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಪ್ರಯಾಣಿಕರ ಸ್ವಂತ ಸಾಮಾನಿನ ಹೊರತು ಬೇರೆ ಸರಕಿಗೆ ಪ್ರವಾಸಿ ಬಸ್ಸಿನಲ್ಲಿ ಎಡೆಯಿಲ್ಲವೆಂಬುದು ನಿಯಮ. ದಿಬ್ಬಣದವರು ಉಡುಗೊರೆ ಒಯ್ಯುತ್ತಿದ್ದಾರೆಂದು ತಿಳಿಯಬೇಕಷ್ಟೆ!

ಇನ್ನೂ ಒಂದು ಚಾತುರ್ಯವುಂಟು. ಬೆಂಗಳೂರಿನ ರಸ್ತೆಯಲ್ಲಿ ನಿಂತ ಬಸ್ಸಿನ ಸಂಖ್ಯೆಯ ಫಲಕವನ್ನು ನೋಡಿ: ನಾಗಾಲ್ಯಾಂಡ್, ಅರುಣಾಚಲ ಪ್ರದೇಶ! ಕೊಹಿಮಾದ ಮುಖವನ್ನೇ ಕಾಣದ ಬಸ್ಸಿಗೆ ಅಲ್ಲಿಯ ಜನ್ಮಪತ್ರಿಕೆ. ತೆರಿಗೆ ಎಲ್ಲಿ ಹಗುರವೋ ಅಲ್ಲಿ ನೋಂದಾಯಿಸಿ, ವ್ಯಾಪಾರ ಎಲ್ಲಿ ಉಂಟೋ ಅಲ್ಲಿ ಓಡಿಸುವ ಪದ್ಧತಿ ಇದು. ಹೊರರಾಜ್ಯದ ನೋಂದಣಿಯ ಇಂಥ ಬಸ್ಸುಗಳು ತನ್ನಲ್ಲಿ ಓಡಕೂಡದೆಂದು ತಮಿಳುನಾಡು ೨೦೨೪ರಲ್ಲಿ ತಡೆಹಾಕಿದಾಗ ಕಷ್ಟಕ್ಕೆ ಸಿಕ್ಕಿದವರು ಪ್ರಯಾಣಿಕರು. ಅದಕ್ಕೂ ಹಿಂದೆ, ೨೦೨೩ರಲ್ಲಿ, ಕೇರಳದ ಪತ್ತನಂತಿಟ್ಟದಿಂದ ಕೊಯಮತ್ತೂರಿಗೆ ಬಸ್ಸು ಹೊರಡಿಸಿದ ಒಬ್ಬ ಮಾಲೀಕ, ಹೊಸ ಕೇಂದ್ರ ನಿಯಮಗಳ ಪ್ರಕಾರ ಪ್ರವಾಸಿ ರಹದಾರಿಯಲ್ಲಿಯೇ ಬಿಡಿ ಟಿಕೀಟು ಕೊಡುವ ಹಕ್ಕು ತನಗುಂಟೆಂದು ಬಹಿರಂಗವಾಗಿ ಸಾರಿದನು. ಅಧಿಕಾರಿಗಳು ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲಿಸಿ ದಂಡ ಹಾಕಿದರು. ಜನ ರಸ್ತೆಯ ಪಕ್ಕದಲ್ಲಿ ನಿಂತು ಬಸ್ಸಿಗೆ ಹಾರ ಹಾಕಿದರು. ಸದ್ದಿಲ್ಲದೆ ನಡೆಯುವ ಸಾವಿರ ಬಸ್ಸುಗಳಿಗೆ ಇಲ್ಲದ ದಂಡ ಬಾಯಿ ಬಿಟ್ಟ ಒಂದಕ್ಕೆ ಬಿದ್ದಿತೆಂದೇ ನನಗೆ ತೋರುತ್ತದೆ.

ನಿಗಮದ ಬಸ್ಸಿನ ಪರ ಒಂದು ಮಾತು ಆಡದಿದ್ದರೆ ಅನ್ಯಾಯವಾದೀತು. ಅದಕ್ಕೆ ವೇಳಾಪಟ್ಟಿ ಉಂಟು. ಜನವಿರಲಿ ಇಲ್ಲದಿರಲಿ ಅದು ಹೊರಡಬೇಕು. ನಷ್ಟವಾದರೂ ಮೂಲೆಯ ಹಳ್ಳಿಗೆ ಹೋಗಿ ಬರಬೇಕು. ೨೦೨೩ರ ಜೂನಿನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯ ಮೇರೆಗೆ ರಾಜ್ಯದೊಳಗಿನ ಅದರ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟೇ ಇಲ್ಲ. ಅಗ್ಗವೆಂಬ ಮಾತಿಗೆ ಇದಕ್ಕಿಂತ ಕೆಳಗೆ ಅಳತೆಯಿಲ್ಲ. ರಾತ್ರಿಯ ಖಾಸಗಿ ಬಸ್ಸು ಹಾಲಿನ ಮೇಲಿನ ಕೆನೆಯನ್ನಷ್ಟೇ ತೆಗೆದುಕೊಳ್ಳುತ್ತದೆ. ಪಾತ್ರೆ ತೊಳೆಯುವ ಕೆಲಸ ನಿಗಮದ್ದು. ಹಾಗೆಂದು ಕೆನೆ ತಿಂದವನನ್ನು ಓಡಿಸಿಬಿಟ್ಟರೆ ಶುಕ್ರವಾರದ ಸಂಜೆ ಬೆಂಗಳೂರಿನಿಂದ ಹೊರಡುವ ಜನಸಾಗರವನ್ನು ಹೊತ್ತೊಯ್ಯುವಷ್ಟು ಬಸ್ಸುಗಳು ನಿಗಮದಲ್ಲಿವೆಯೆ? ಇಲ್ಲ. ಇದನ್ನು ಸರಕಾರವೂ ಬಲ್ಲದು. ಅದಕ್ಕೇ ಕಣ್ಣು ಅರ್ಧ ತೆರೆದಿರುತ್ತದೆ, ಅರ್ಧ ಮುಚ್ಚಿರುತ್ತದೆ.

ಅರ್ಧ ಮುಚ್ಚಿದ ಈ ಕಣ್ಣಿನ ಬೆಲೆಯನ್ನು ತೆರುವವರು ಯಾರು? ಒಮ್ಮೆ ಸಿರಾ ದಾಟಿದ ಮೇಲೆ ಊಟಕ್ಕೆ ನಿಂತಲ್ಲಿ ಚಾಲಕರೊಡನೆ ಚಹಾ ಕುಡಿಯುವ ಸಂದರ್ಭ ಒದಗಿತು. ಹಾವೇರಿಯ ಕಡೆಯವರು, ಐವತ್ತರ ಆಸುಪಾಸು. ಹೋಟೆಲಿನಲ್ಲಿ ಅವರಿಗೂ ಕ್ಲೀನರನಿಗೂ ಪುಕ್ಕಟೆ ಊಟ. ಬಸ್ಸು ತಂದು ನಿಲ್ಲಿಸಿದ್ದಕ್ಕೆ ಅದು ಸಂಭಾವನೆ. ‘ನಿದ್ದೆಗೆ ಏನು ಮಾಡುತ್ತೀರಿ?’ ಎಂದು ಕೇಳಿದೆ. ‘ನಿದ್ದಿ ಅನ್ನೂದು ಮನ್ಯಾಗ ಇರತೈತ್ರಿ ಸರ, ಮನಿಗೆ ನಾವ ಹೋಗೂದಿಲ್ಲ’ ಎಂದು ನಕ್ಕರು. ಹಗಲು ಬೆಂಗಳೂರಿನ ಹೊರವಲಯದ ಬಯಲಿನಲ್ಲಿ, ಬಿಸಿಲಿಗೆ ಕಾದ ಅದೇ ಬಸ್ಸಿನೊಳಗೆ ಮಲಗುವುದು. ಸಂಜೆ ತೊಳೆದು ಮತ್ತೆ ಹೊರಡುವುದು. ಜೊತೆಯ ಚಾಲಕ ರಜೆ ಹಾಕಿದ್ದರಿಂದ ಆ ರಾತ್ರಿ ಅವರೊಬ್ಬರೇ. ದಿನಕ್ಕೆ ಎಂಟು ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿರಾಮ ಎಂದು ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ವಿಧಿಸಿದ್ದುದನ್ನು ನಾನು ಹೇಳಿದೆ. ಅವರು ಸೌಜನ್ಯದಿಂದ ಕೇಳಿಸಿಕೊಂಡರು. ‘ಹೌದೇನ್ರಿ?’ ಎಂದರು. ಲೋಟ ಕೆಳಗಿಟ್ಟು ಸ್ಟಿಯರಿಂಗಿನ ಕಡೆ ನಡೆದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

೨೦೧೩ರ ಅಕ್ಟೋಬರ್ ೩೦ರ ನಸುಕಿನಲ್ಲಿ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಎಂಬಲ್ಲಿ ರಸ್ತೆಯ ಮೋರಿಗೆ ಬಡಿದು ಹೊತ್ತಿಕೊಂಡು ೪೫ ಮಂದಿ ಸುಟ್ಟುಹೋದರು. ಹದಿನೈದು ದಿನಗಳ ಮೇಲೆ ನಮ್ಮ ಹಾವೇರಿಯ ಬಳಿ ಇನ್ನೊಂದು ಬಸ್ಸು ಉರಿದು ಏಳು ಜನ. ೨೦೨೫ರ ಅಕ್ಟೋಬರ್ ೨೪ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ, ರಸ್ತೆಗೆ ಬಿದ್ದಿದ್ದ ಮೋಟಾರ್‌ಸೈಕಲ್ಲನ್ನು ಅಡಿಯಲ್ಲಿ ಸಿಕ್ಕಿಸಿಕೊಂಡು ಎಳೆದುಹೋಗಿ ಹೊತ್ತಿಕೊಂಡಿತು. ಇಪ್ಪತ್ತರಷ್ಟು ಜನ ಸತ್ತರು. ಸರಕಿನಲ್ಲಿ ಮೊಬೈಲು ಫೋನುಗಳ ಕಟ್ಟು ಇತ್ತೆಂದು ಅಂದಿನ ವರದಿಗಳು ಹೇಳಿದವು. ಎರಡು ಅಂತಸ್ತಿನ ಬರ್ತು, ಒಬ್ಬರು ಹಾದುಹೋಗುವಷ್ಟೇ ಅಗಲದ ಓಣಿ, ನಿದ್ದೆಗಣ್ಣು, ಪರದೆ, ಫೋಮಿನ ಹಾಸಿಗೆ: ಇಷ್ಟರ ನಡುವೆ ಬೆಂಕಿ ಹೊಕ್ಕರೆ ಮನುಷ್ಯನಿಗೆ ಸಿಕ್ಕುವ ಸಮಯ ಎಷ್ಟೆಂದು ಲೆಕ್ಕ ಹಾಕುವುದು ಬೇಡ. ಪಾಲೆಂನಲ್ಲಿಯೂ ಕರ್ನೂಲಿನಲ್ಲಿಯೂ ಸತ್ತವರು ಯಾರೆಂದು ನಿರ್ಣಯಿಸಲು ಡಿಎನ್‌ಎ ಪರೀಕ್ಷೆಯೇ ಬೇಕಾಯಿತು.

ನಾನು ಈ ಬಸ್ಸುಗಳ ವೈರಿಯಲ್ಲ. ಮುಂದಿನ ವಾರವೂ ಅದರಲ್ಲಿಯೇ ಹೋಗತಕ್ಕವನು. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಸಂದರ್ಶನಕ್ಕೆ ಹೋಗಿ ಕೆಲಸ ಹಿಡಿದದ್ದು, ತಂದೆಯ ಕೊನೆಯುಸಿರಿಗೆ ಮುನ್ನ ಊರು ಸೇರಿದ್ದು ಈ ಅಗ್ಗದ ಟಿಕೀಟಿನ ಪುಣ್ಯದಿಂದ. ನನ್ನ ತಕರಾರು ಹೆಸರಿನ ಬಗೆಗೆ. ಇದು ದಿಬ್ಬಣವಲ್ಲ, ಬಸ್ಸು. ನಾವು ಪ್ರವಾಸಿಗಳಲ್ಲ, ಪ್ರಯಾಣಿಕರು ಎಂದು ಕಾಯಿದೆ ಒಪ್ಪಿಕೊಂಡ ದಿನ ಮಾಲೀಕನಿಗೆ ನೆಟ್ಟಗಿನ ರಹದಾರಿ ಕೊಡಬಹುದು. ಕೊಟ್ಟ ಮೇಲೆ ಹಬ್ಬದ ದರಕ್ಕೊಂದು ಮಿತಿಯನ್ನು ಕೇಳಬಹುದು. ಚಾಲಕನ ಹಾಜರಿ ಪುಸ್ತಕವನ್ನು ತೆಗೆಸಿ ನೋಡಬಹುದು, ಓಡುವ ರಾಜ್ಯಕ್ಕೇ ತೆರಿಗೆ ಕಟ್ಟಿಸಬಹುದು. ಇಲ್ಲದ ಒಪ್ಪಂದದ ಮೇಲೆ ಓಡುವವನಿಗೆ ಇರುವ ಕರಾರುಗಳನ್ನು ನೆನಪಿಸುವುದು ಹೇಗೆ?

ಪ್ರವಾಸಿ ಬಸ್ಸು ಹೊರಡುವಾಗ ಅದರಲ್ಲಿರುವವರ ಹೆಸರಿನ ಪಟ್ಟಿಯೊಂದು ಜೊತೆಗಿರಬೇಕೆಂದು ನಿಯಮವುಂಟು. ದಿಬ್ಬಣದವರು ಯಾರೆಂದು ತಿಳಿಯಬೇಡವೆ? ಕಳೆದ ತಿಂಗಳು ಬರುವಾಗ ಚಾಲಕನ ಗಾಜಿನ ಬಳಿ ಮಡಿಸಿ ಸಿಕ್ಕಿಸಿದ್ದ ಅಂಥದೊಂದು ಹಾಳೆಯನ್ನು ಕೇಳಿ ಪಡೆದು ಓದಿದೆ. ನನ್ನ ಹೆಸರು ಸರಿಯಾಗಿಯೇ ಇತ್ತು. ತುಮಕೂರಿನ ರಸ್ತೆಯ ಪಕ್ಕದಲ್ಲಿ ಕೈ ಅಡ್ಡ ಹಿಡಿದು, ನಗದು ಕೊಟ್ಟು ಹತ್ತಿ, ನನ್ನ ಎದುರಿನ ಕೆಳ ಬರ್ತಿನಲ್ಲಿ ಕೂಸನ್ನು ಮಲಗಿಸಿಕೊಂಡಿದ್ದ ಹೆಂಗಸಿನ ಹೆಸರು ಅದರಲ್ಲಿ ಇರಲಿಲ್ಲ.