ಬೇಸ್ ಗಿಟಾರಿನ ಬೇರು ಹೊಳೆನರಸೀಪುರದಲ್ಲಿ!

ಒಂದು ಬಯೋಡೇಟಾ ಕೊಡ್ತೀನಿ. ಇವರ ಕೆಲಸ ಏನು, ಊಹಿಸಿ ನೋಡೋಣ!

ಓದಿದ್ದು ಐಐಟಿ ಕಾನ್ಪುರ. ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷಶಾಸ್ತ್ರದ ಪಿಎಚ್.ಡಿ. ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡಿನಲ್ಲೋ ಈ ಹಾಳೆ ಕೈಗೆ ಸಿಕ್ಕರೆ ಎಚ್‌ಆರ್‌ನವರು ಎದ್ದು ನಿಂತು ಕುರ್ಚಿ ಹಾಕ್ತಾರೆ!

ವಿಜ್ಞಾನಿ? ಅಲ್ಲ. ಪ್ರೊಫೆಸರ್? ಅಲ್ಲವೇ ಅಲ್ಲ!

ಬೇಸ್ ಗಿಟಾರ್ ನುಡಿಸ್ತಾರೆ, ಸ್ವಾಮಿ!

ರಾಹುಲ್ ರಾಮ್. 1991ರಿಂದ ‘ಇಂಡಿಯನ್ ಓಷನ್’ ತಂಡದ ಬೇಸಿಸ್ಟ್. ‘ಬ್ಲ್ಯಾಕ್ ಫ್ರೈಡೇ’ ಚಿತ್ರದ ‘ಬಂದೇ’ ಕೇಳಿದ್ದೀರಲ್ಲ? ಅದೇ ತಂಡ! ಜಾಝ್, ರಾಕ್, ರಾಗ, ಜಾನಪದ ಎಲ್ಲವನ್ನೂ ಬೆರೆಸಿದವರು.

ದೆಹಲಿಯವರು ಅಂದುಕೊಂಡಿರಾ? ತಡೀರಿ, ತಮಾಷೆ ಇರೋದೇ ಇಲ್ಲಿ.

ಅವರ ತಂದೆ ದೆಹಲಿ ವಿಶ್ವವಿದ್ಯಾಲಯದ ಹೆಸರಾಂತ ಸಸ್ಯವಿಜ್ಞಾನಿ ಎಚ್.ವೈ. ಮೋಹನ್ ರಾಮ್. ಆ ‘ಎಚ್’ ಯಾವುದು? ಹೊಳೆನರಸೀಪುರ! ನಮ್ಮ ಹಾಸನ ಜಿಲ್ಲೆಯದ್ದು! ‘ವೈ’? ಮೋಹನ್ ರಾಮ್ ಅವರ ತಂದೆ ಯೋಗಾನರಸಿಂಹಂ! ಸಂಸ್ಕೃತ, ಕನ್ನಡ, ತೆಲುಗಿನಲ್ಲಿ ಕೃತಿ ರಚಿಸಿದ ವಾಗ್ಗೇಯಕಾರ. ‘ಗೀತಕುಸುಮಾಂಜಲಿ’ ಅವರದ್ದೇ.

ಅಂದರೆ ನಮ್ಮ ಬೇಸಿಸ್ಟ್‌ಗೆ ಖಾಸಾ ಅಜ್ಜ! ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರ ಎಚ್.ವೈ. ಶಾರದಾಪ್ರಸಾದ್ ದೊಡ್ಡಪ್ಪ! ಎಂಥಾ ಮನೆತನ ನೋಡಿ! ಸಂಗೀತ ರಕ್ತದಲ್ಲೇ ಬಂತು ಅಂತ ನಾನು ಹೇಳೋದಿಲ್ಲ. ಆದರೂ ಮೈ ಜುಮ್ಮೆನ್ನೋದಿಲ್ವೇ?

ಇನ್ನೂ ಇದೆ! ಪಿಎಚ್.ಡಿ. ಮುಗಿಸಿ ಬಂದವರು ಹೋಗಿದ್ದೆಲ್ಲಿಗೆ? ನರ್ಮದಾ ಬಚಾವೋ ಆಂದೋಲನಕ್ಕೆ! ನರ್ಮದಾ ಕಣಿವೆಯ ಜನ ಹಾಡುತ್ತಿದ್ದ ಹಾಡೇ 2000ದ ‘ಕಂದೀಸಾ’ ಆಲ್ಬಮ್‌ನ ‘ಮಾ ರೇವಾ’ ಆಯಿತು. ಅದೇ ಆಲ್ಬಮ್ಮಿನ ಶೀರ್ಷಿಕೆಗೀತೆ ಯಾವ ಭಾಷೆಯದ್ದು ಗೊತ್ತೇ? ಅರಮಾಯಿಕ್! ಏಸುಕ್ರಿಸ್ತ ಆಡುತ್ತಿದ್ದ ನುಡಿ! ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ ಅದು.

ಈಗ ಬೇಸ್‌ಗೆ ಬನ್ನಿ. ಜಾಝ್‌ನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೇ ನುಡಿಯುವ ಸ್ವರಗುಚ್ಛಗಳು, ಬದಲಾಗುತ್ತಲೇ ಇರುತ್ತವೆ. ಬೇಸಿಸ್ಟ್ ಅವುಗಳ ಹಿಂದೆ ಹೆಜ್ಜೆ ಹಾಕ್ತಾನೆ. ರಾಗದಲ್ಲಿ? ಆಧಾರ ಸ್ವರವಾದ ಷಡ್ಜ ಅಲ್ಲಾಡೋದೇ ಇಲ್ಲ! ಹಾಗಾದರೆ ಬೇಸಿಸ್ಟ್‌ಗೇನು ಕೆಲಸ? ಇಲ್ಲೇ ಇರೋದು ಮಜಾ! ಅವನು ತಬಲಾ ಜೊತೆ ಲಯಕ್ಕಿಳೀಬೇಕು, ಗಿಟಾರ್ ಕೆಳಗೆ ಇನ್ನೊಂದು ಸ್ವರಸಾಲನ್ನೇ ಎಳೀಬೇಕು. ರಾಹುಲ್ ರಾಮ್ ಇಷ್ಟನ್ನೂ ಮಾಡ್ತಾ ಹಾಡಲೂ ಬಲ್ಲರು!

ಕೊನೆಗೊಂದು ಸಂಖ್ಯೆ. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ದಪ್ಪ ತಂತಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತೆ? ಸಾವಿರ? ಐನೂರು? ಊಹೂಂ. ಸುಮಾರು 41! ಅಷ್ಟು ತಗ್ಗಿನ ನಾದವನ್ನು ಮೊಬೈಲಿನ ಪುಟ್ಟ ಸ್ಪೀಕರ್ ಹೊರಡಿಸಲಾರದು! ಸಿಲ್ಕ್‌ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತು ಮೊಬೈಲಿನಲ್ಲಿ ‘ಮಾ ರೇವಾ’ ಕೇಳಿದ್ದೀರಾ? ಹಾಗಾದರೆ ಯೋಗಾನರಸಿಂಹಂ ಮೊಮ್ಮಗನನ್ನು ನೀವಿನ್ನೂ ಅರ್ಧವೇ ಕೇಳಿರೋದು!

ಇವತ್ತೇ ಒಳ್ಳೇ ಸ್ಪೀಕರ್ ಹಚ್ಚಿ, ದನಿ ಏರಿಸಿ. ಪಕ್ಕದ ಮನೆಯವರು ಬಾಗಿಲು ಬಡಿದರೆ ಅವರನ್ನೂ ಕರೆದು ಕೂರಿಸಿ!